ಊರಿನವರ ಜೊತೆ ಆಡಿದ ಮಾತು ಓದಲು ವಾರಂಟ್ ಬೇಕು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಒಂದು ಮನವಿ



ನಿಮ್ಮ ಮನೆಯ ಬೀರು ತೆಗೆದು ನೋಡಬೇಕೆಂದರೆ ಈ ದೇಶದ ಪೊಲೀಸರು ನ್ಯಾಯಾಧೀಶರಿಗೆ ಕಾರಣ ಹೇಳಿ ವಾರಂಟ್ ತರಬೇಕು. ಆದರೆ ನೀವು ಹಾಸನದ ಅಣ್ಣನಿಗೋ ಬೆಂಗಳೂರಿನ ಹಳೆಯ ಗೆಳತಿಗೋ ಬರೆದ ಇಮೇಲ್ ಒಮ್ಮೆ ಸರ್ಕಾರದ ಗುಪ್ತಚರ ಸಂಗ್ರಹ ಸೇರಿತೆಂದರೆ, ನಿಮ್ಮ ಹೆಸರು ಹಾಕಿ ಅದನ್ನು ಹುಡುಕಿ ಓದಲು ಎಫ್‌ಬಿಐಗೆ ಸಾಮಾನ್ಯವಾಗಿ ವಾರಂಟ್ ಬೇಕಿಲ್ಲ. 2024ರಲ್ಲಿ ಕಾಂಗ್ರೆಸ್ ಮುಂದುವರಿಸಿದ ಕಾಯ್ದೆ ಈ ಬಾಗಿಲನ್ನು ತೆರೆದೇ ಇಟ್ಟಿತು. ಇದು ತಪ್ಪು. ಇದನ್ನು ತಿದ್ದಿಸುವ ಕೆಲಸದಲ್ಲಿ ನಾವು ಮುಂದೆ ನಿಲ್ಲಬೇಕು. ಏಕೆಂದರೆ ಹೊರದೇಶದೊಂದಿಗೆ ದಿನವೂ ಮಾತಾಡುವವರು ನಾವು.

ಈ ಕಾಯ್ದೆಯ ಹೆಸರು ಫೀಸಾ, ಅಂದರೆ ವಿದೇಶಿ ಗುಪ್ತಚರ ನಿಗಾ ಕಾಯ್ದೆ. ಅದಕ್ಕೆ 2008ರಲ್ಲಿ ಸೇರಿದ 702ನೇ ಸೆಕ್ಷನ್ ಪ್ರಕಾರ, ಅಮೆರಿಕದ ಹೊರಗಿರುವ ವಿದೇಶಿಯರ ಇಮೇಲ್, ಫೋನ್ ಕರೆ, ಸಂದೇಶಗಳನ್ನು ಇಲ್ಲಿನ ಕಂಪನಿಗಳಿಂದಲೇ ಪಡೆಯಬಹುದು. ಆ ವಿದೇಶಿ ಭಯೋತ್ಪಾದಕನಾಗಿರಬೇಕಿಲ್ಲ, ಅಪರಾಧಿಯಾಗಿರಬೇಕಿಲ್ಲ. ವಿದೇಶಿ ಗುಪ್ತಚರ ಮಾಹಿತಿ ಅವನ ಬಳಿ ಸಿಗಬಹುದು ಎಂಬ ನಿರೀಕ್ಷೆ ಇದ್ದರೆ ಸಾಕು. ಅಧಿಕಾರಿ, ಪತ್ರಕರ್ತ, ವಿಜ್ಞಾನಿ, ಉದ್ಯಮಿ, ಯಾರಾದರೂ ಆಗಬಹುದು. ಯಾರ ಮೇಲೆ ನಿಗಾ ಇಡಬೇಕೆಂದು ಒಬ್ಬೊಬ್ಬರ ಹೆಸರನ್ನೂ ಈ ಕಾಯ್ದೆಯಡಿಯ ಫೀಸಾ ನ್ಯಾಯಾಲಯ ನೋಡುವುದಿಲ್ಲ. ಅದು ವರ್ಷಕ್ಕೊಮ್ಮೆ ನಿಯಮಗಳಿಗೆ ಒಪ್ಪಿಗೆ ಕೊಡುತ್ತದೆ, ಅಷ್ಟೆ. 2023ರಲ್ಲಿ ಹೀಗೆ ನಿಗಾಕ್ಕೆ ಒಳಗಾದವರು ಎರಡೂವರೆ ಲಕ್ಷಕ್ಕೂ ಹೆಚ್ಚು ಎಂದು ಸರ್ಕಾರವೇ ಲೆಕ್ಕ ಕೊಟ್ಟಿದೆ.

ಊರಿನಲ್ಲಿರುವ ನಮ್ಮ ಅಪ್ಪ ಅಮ್ಮನ ಫೋನನ್ನೆಲ್ಲ ಯಾರೋ ಕೇಳುತ್ತಿದ್ದಾರೆ ಎಂದು ಹೆದರಿಸಲು ಈ ಕರಪತ್ರ ಹಂಚುತ್ತಿಲ್ಲ. ನಾವು ಹೇಳುವುದು ಇಷ್ಟೇ: ನಿಗಾದಲ್ಲಿರುವ ವ್ಯಕ್ತಿಗೆ ಇಲ್ಲಿಂದ ಯಾರು ಬರೆದರೂ ಆ ಪತ್ರವೂ ಸಂಗ್ರಹ ಸೇರುತ್ತದೆ. ಬರೆದವರಿಗೆ ಅದು ಗೊತ್ತಾಗುವುದಿಲ್ಲ. ಆಮೇಲೆ ಬರೆದವರ ಹೆಸರು, ಇಮೇಲ್ ವಿಳಾಸ ಹಾಕಿ ಅದೇ ಸಂಗ್ರಹವನ್ನು ಜಾಲಾಡಬಹುದು. ಹಿಂಬಾಗಿಲ ಹುಡುಕಾಟ ಎಂದು ಇದರ ವಿರೋಧಿಗಳು ಕರೆಯುವುದು ಇದನ್ನೇ.

ಈ ದೇಶ ಒಮ್ಮೆ ಕಲಿತ ಪಾಠ

1761ರಲ್ಲಿ ಬಾಸ್ಟನ್ನಿನ ವಕೀಲ ಜೇಮ್ಸ್ ಓಟಿಸ್ ಬ್ರಿಟಿಷ್ ಸುಂಕದ ಅಧಿಕಾರಿಗಳ ವಿರುದ್ಧ ವಾದಿಸಿದ. ಇಂಥವನ ಮನೆ, ಇಂಥ ಕಾರಣ ಎಂದು ಹೇಳದೆ ಯಾರ ಮನೆಗಾದರೂ ನುಗ್ಗಿ ಹುಡುಕಲು ಅವರ ಕೈಯಲ್ಲಿ ಆಜ್ಞಾಪತ್ರಗಳಿದ್ದವು. ಓಟಿಸ್ ಮೊಕದ್ದಮೆ ಸೋತ. ಆದರೆ ಆ ಸಿಟ್ಟು ಸಾಯಲಿಲ್ಲ; 1791ರಲ್ಲಿ ಸಂವಿಧಾನಕ್ಕೆ ಸೇರಿದ ನಾಲ್ಕನೇ ತಿದ್ದುಪಡಿಯ ಹಿಂದೆ ಅದೇ ಸಿಟ್ಟಿದೆ. ತಕ್ಕ ಕಾರಣ ತೋರಿಸಬೇಕು, ಹುಡುಕುವ ಜಾಗ ಮತ್ತು ಹಿಡಿಯುವ ವಸ್ತು ಯಾವುವೆಂದು ವಾರಂಟಿನಲ್ಲೇ ಇರಬೇಕು ಎಂದು ಅದು ಕಟ್ಟುಮಾಡಿತು. 1967ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಟ್ಜ್ ಪ್ರಕರಣದಲ್ಲಿ ಈ ರಕ್ಷಣೆಯನ್ನು ರಸ್ತೆ ಬದಿಯ ಫೋನ್ ಬೂತಿನೊಳಗೆ ಆಡಿದ ಮಾತಿಗೂ ವಿಸ್ತರಿಸಿತು.

ಅದೇ ದಶಕಗಳಲ್ಲಿ ಕತ್ತಲಲ್ಲಿ ಏನು ನಡೆಯುತ್ತಿತ್ತು ಎಂಬುದು 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅಧ್ಯಕ್ಷತೆಯ ಸಮಿತಿ ತನಿಖೆ ಮಾಡಿದಾಗ ಹೊರಬಿತ್ತು. ಎಫ್‌ಬಿಐ ಮಾರ್ಟಿನ್ ಲೂಥರ್ ಕಿಂಗ್ ಉಳಿದುಕೊಂಡ ಹೋಟೆಲ್ ಕೋಣೆಗಳಲ್ಲಿ ಗುಪ್ತ ಮೈಕ್ ಇಟ್ಟಿತ್ತು. 1964ರಲ್ಲಿ ಅವರಿಗೆ ಬೆದರಿಕೆಯ ಅನಾಮಧೇಯ ಪತ್ರ ಕಳಿಸಿತ್ತು. ನಮ್ಮಂಥವರು ವಿಶೇಷವಾಗಿ ನೆನಪಿಡಬೇಕಾದದ್ದು ಶ್ಯಾಮ್‌ರಾಕ್ ಎಂಬ ಕಾರ್ಯಾಚರಣೆ. 1945ರಿಂದ 1975ರವರೆಗೆ, ಮೂವತ್ತು ವರ್ಷ, ಈ ದೇಶದಿಂದ ಹೊರಗೆ ಹೋಗುವ, ಹೊರಗಿನಿಂದ ಒಳಗೆ ಬರುವ ಟೆಲಿಗ್ರಾಂಗಳ ಪ್ರತಿಗಳನ್ನು ದೊಡ್ಡ ತಂತಿ ಕಂಪನಿಗಳು ಸರ್ಕಾರಕ್ಕೆ ಒಪ್ಪಿಸುತ್ತಿದ್ದವು. ಯಾವ ವಾರಂಟೂ ಇರಲಿಲ್ಲ. ಮಗು ಹುಟ್ಟಿತು, ಅಜ್ಜ ತೀರಿಕೊಂಡರು, ಹಣ ತಲುಪಿತು ಎಂದು ವಲಸೆ ಬಂದ ಮನೆಗಳು ಊರಿಗೆ ಸುದ್ದಿ ಕಳಿಸುತ್ತಿದ್ದ ದಾರಿಯೇ ಅದು. ಈ ದುರ್ಬಳಕೆಗೆ ಕಡಿವಾಣ ಹಾಕಲೆಂದೇ 1978ರಲ್ಲಿ ಫೀಸಾ ಕಾಯ್ದೆ ಬಂತು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕಡಿವಾಣ ಸಡಿಲವಾಯಿತು. ವಾರಂಟ್ ಇಲ್ಲದ ನಿಗಾ ಗುಟ್ಟಾಗಿ ಶುರುವಾಗಿ, 2005ರ ಡಿಸೆಂಬರಿನಲ್ಲಿ ಪತ್ರಿಕೆಯಲ್ಲಿ ಬಯಲಾಯಿತು. ಅದನ್ನು ಪೂರ್ತಿ ನಿಲ್ಲಿಸುವ ಬದಲು 2008ರಲ್ಲಿ ಕಾಂಗ್ರೆಸ್ ಅದರ ಬಹುಭಾಗಕ್ಕೆ 702ನೇ ಸೆಕ್ಷನ್ ಎಂಬ ಕಾನೂನಿನ ಹೊದಿಕೆ ಹೊದಿಸಿತು.

ಹೊದಿಕೆಯ ಒಳಗೆ ಏನಾಯಿತು? ಇದು ಆ ಪಕ್ಷ ಈ ಪಕ್ಷದ ವಿಷಯ ಎಂದುಕೊಂಡವರು ಫೀಸಾ ನ್ಯಾಯಾಲಯದ ಆದೇಶಗಳನ್ನೇ ನೋಡಲಿ. 2023ರಲ್ಲಿ ಅವು ಬಹಿರಂಗವಾಗಿವೆ. ಜಾರ್ಜ್ ಫ್ಲಾಯ್ಡ್ ಸಾವಿನ ನಂತರದ ಪ್ರತಿಭಟನೆಗಳ ಸಮಯದಲ್ಲಿ ಬಂಧಿತರಾದ 133 ಮಂದಿಯ ಹೆಸರುಗಳನ್ನು ಎಫ್‌ಬಿಐ ಈ ಸಂಗ್ರಹದಲ್ಲಿ ಹುಡುಕಿತ್ತು. 2021ರ ಜನವರಿ 6ರ ಸಂಸತ್ ಭವನದ ದಾಳಿಯ ಶಂಕಿತರನ್ನೂ ಹುಡುಕಿತ್ತು. ಒಬ್ಬ ಕಾಂಗ್ರೆಸ್ ಅಭ್ಯರ್ಥಿಗೆ ಚುನಾವಣೆ ದೇಣಿಗೆ ಕೊಟ್ಟ 19,000 ಜನರನ್ನು ಒಂದೇ ಏಟಿಗೆ ಹುಡುಕಿತ್ತು. ಎಲ್ಲಕ್ಕಿಂತ ನನ್ನನ್ನು ಕಲಕಿದ್ದು ಇನ್ನೊಂದು: ಒಂದು ರಾಜ್ಯದ ನ್ಯಾಯಾಧೀಶರು, ಊರಿನ ಪೊಲೀಸ್ ಮುಖ್ಯಸ್ಥ ಜನರ ಹಕ್ಕು ತುಳಿಯುತ್ತಿದ್ದಾನೆ ಎಂದು ಎಫ್‌ಬಿಐಗೆ ದೂರು ಕೊಟ್ಟಿದ್ದರು. ದೂರು ಕೊಟ್ಟ ಆ ನ್ಯಾಯಾಧೀಶರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನೇ ಹಾಕಿ ಹುಡುಕಲಾಗಿತ್ತು. ನ್ಯಾಯಾಧೀಶರಿಗೇ ಈ ಗತಿಯಾದರೆ ಅಂಗಡಿ ಇಟ್ಟವರು, ಕೋಡ್ ಬರೆಯುವವರು, ವಿದ್ಯಾರ್ಥಿಗಳು ಯಾವ ಲೆಕ್ಕ?

ಆಮೇಲೆ ನಿಯಮ ಬಿಗಿ ಮಾಡಿದ್ದೇವೆ ಎನ್ನುತ್ತಾರೆ. ಹುಡುಕಾಟಗಳ ಸಂಖ್ಯೆ ಇಳಿದಿರುವುದು ನಿಜ, ಒಪ್ಪುತ್ತೇವೆ. ಆದರೆ ಇಲಾಖೆ ತಾನೇ ಬರೆದುಕೊಂಡ ನಿಯಮವನ್ನು ಇಲಾಖೆಯೇ ಮುಂದೊಂದು ದಿನ ಅಳಿಸಬಹುದು. ಹೊರಗಿನ ನ್ಯಾಯಾಧೀಶರೊಬ್ಬರು ನಡುವೆ ನಿಲ್ಲಬೇಕು ಎಂಬುದು ನಮ್ಮ ವಾದ.

ದೇಶದ ರಕ್ಷಣೆಯ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. 2001ರಲ್ಲಿ ಸತ್ತ ಸುಮಾರು 3,000 ಜನರಲ್ಲಿ ಭಾರತ ಮೂಲದವರೂ ಇದ್ದರು. ವಿದೇಶದಲ್ಲಿರುವ ಶತ್ರುವಿನ ಮೇಲೆ ಕಣ್ಣಿಡಬೇಡಿ ಎಂದು ನಾವು ಕೇಳುತ್ತಿಲ್ಲ. ಇಲ್ಲಿರುವವರ ಮಾತನ್ನು ಹೆಸರು ಹಿಡಿದು ಓದುವ ಮುನ್ನ ನ್ಯಾಯಾಲಯಕ್ಕೆ ಹೋಗಿ ಎನ್ನುತ್ತಿದ್ದೇವೆ. ಬಾಂಬ್ ಸಿಡಿಯುವ ಹೊತ್ತಿನಲ್ಲಿ ಕಾಗದ ಹಿಡಿದು ಅಲೆಯುವುದು ಹೇಗೆ ಎಂದು ಕೇಳುವವರಿಗೆ ಉತ್ತರ ಆಗಲೇ ಇದೆ. 2024ರ ಏಪ್ರಿಲ್ 12ರಂದು ಕೆಳಮನೆಯ ಮುಂದೆ ಬಂದ ವಾರಂಟ್ ತಿದ್ದುಪಡಿಯಲ್ಲಿ ತುರ್ತು ಸಂದರ್ಭಕ್ಕೆ ವಿನಾಯಿತಿ ಇತ್ತು. ಸಂಬಂಧಪಟ್ಟವರೇ ಒಪ್ಪಿಗೆ ಕೊಟ್ಟರೂ ವಿನಾಯಿತಿ ಇತ್ತು. ಪರವಾಗಿ 212 ಮತ, ವಿರುದ್ಧ 212 ಮತ. ಸಮಬಲವಾದ್ದರಿಂದ ಅದು ಬಿದ್ದುಹೋಯಿತು. ಎರಡೂ ಪಕ್ಷಗಳವರು ಎರಡೂ ಕಡೆ ಇದ್ದರು. ಇನ್ನೊಂದೇ ಒಂದು ಮತ ಬಂದಿದ್ದರೆ!

ಅದಾದ ಮೇಲೆ ಬ್ರೂಕ್ಲಿನ್ನಿನ ಫೆಡರಲ್ ನ್ಯಾಯಾಲಯದ ತೀರ್ಪೊಂದು 2025ರ ಜನವರಿಯಲ್ಲಿ ಬಹಿರಂಗವಾಯಿತು. ಅಲ್ಲಿ ಆರೋಪಿ ಭಯೋತ್ಪಾದನೆಗೆ ನೆರವು ನೀಡಲು ಯತ್ನಿಸಿದ್ದನ್ನು ಒಪ್ಪಿಕೊಂಡವನು. ಅವನ ವಿರುದ್ಧದ ಸಾಕ್ಷ್ಯವನ್ನು ಕೈಬಿಡಲು ನ್ಯಾಯಾಧೀಶರು ಒಪ್ಪಲಿಲ್ಲ. ಆದರೂ ವಾರಂಟ್ ಇಲ್ಲದೆ ಹೀಗೆ ಹುಡುಕಿದ್ದು ನಾಲ್ಕನೇ ತಿದ್ದುಪಡಿಗೆ ವಿರುದ್ಧ ಎಂದು ಹೇಳಿದರು. ತಪ್ಪಿತಸ್ಥನಿಗೆ ಶಿಕ್ಷೆ, ಸರ್ಕಾರಕ್ಕೆ ಮಿತಿ, ಎರಡೂ ಒಟ್ಟಿಗೆ ಇರಬಲ್ಲವು.

ವೀಸಾದಲ್ಲಿರುವವರಿಗೆ

ಹುಡುಕಾಟದ ಮೇಲೆ ಈಗಿರುವ ಅಲ್ಪಸ್ವಲ್ಪ ಕಟ್ಟುಪಾಡೂ ಮುಖ್ಯವಾಗಿ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ಎಚ್-1ಬಿ ಮೇಲೆ ಹತ್ತು ವರ್ಷದಿಂದ ಇಲ್ಲಿ ತೆರಿಗೆ ಕಟ್ಟುತ್ತಿರುವವರು ಆ ಲೆಕ್ಕಕ್ಕೆ ಬರುವುದಿಲ್ಲ. 2024ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಮೆರಿಕಕ್ಕೆ ಬರಲು ಅರ್ಜಿ ಹಾಕುವ ವಿದೇಶಿಯರನ್ನು ಪರಿಶೀಲಿಸಲು ಈ ಸಂಗ್ರಹದಲ್ಲಿ ಹುಡುಕುವುದಕ್ಕೆ ದಾರಿ ಮಾಡಿತು. ಬಾಣಂತನಕ್ಕೆ ಬರುವ ಅಮ್ಮ, ಪದವಿ ಪ್ರದಾನ ನೋಡಲು ಬರುವ ಮಾವ, ಯಾರ ಮೇಲೆ ಯಾವ ಅನುಮಾನವೂ ಇಲ್ಲದಿದ್ದರೂ ಇದರೊಳಗೆ ಬರಬಹುದು.

ಖಾಸಗಿತನವೆಂಬುದು ಅಮೆರಿಕದವರ ಗೀಳು, ನಮಗೇಕೆ ಎಂದು ಕೆಲವರು ಕೇಳುವುದುಂಟು. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದ ಆ ಹಿರಿಯರ ನಾಡಿನವರು ನಾವು.

ಈಗ ಮಾಡಬೇಕಾದದ್ದು

702ನೇ ಸೆಕ್ಷನ್ ಕಾಯಂ ಅಲ್ಲ. ಗಡುವು ಮುಗಿದಾಗಲೆಲ್ಲ ಕಾಂಗ್ರೆಸ್ ಮತ್ತೆ ಮತ ಹಾಕಬೇಕು. 2024ರಲ್ಲಿ ಅದನ್ನು ಎರಡೇ ವರ್ಷಕ್ಕೆ ಮುಂದುವರಿಸಿದ್ದರು. ಆದ್ದರಿಂದ ನಿಮ್ಮ ಜಿಲ್ಲೆಯ ಪ್ರತಿನಿಧಿಗೂ ನಿಮ್ಮ ರಾಜ್ಯದ ಇಬ್ಬರು ಸೆನೆಟರುಗಳಿಗೂ ಫೋನ್ ಮಾಡಿ. ಮತದ ಹಕ್ಕಿಲ್ಲದವರೂ ಮಾಡಿ. ಅವರು ಆ ಪ್ರದೇಶದಲ್ಲಿ ವಾಸಿಸುವ ಎಲ್ಲರ ಪ್ರತಿನಿಧಿಗಳು, ಸರ್ಕಾರಕ್ಕೆ ಅಹವಾಲು ಹೇಳಿಕೊಳ್ಳುವ ಹಕ್ಕು ಪೌರರಿಗಷ್ಟೇ ಮೀಸಲಲ್ಲ. ಫೋನ್ ಎತ್ತಿದ ಸಿಬ್ಬಂದಿಗೆ ನಿಮ್ಮ ಊರು, ಜಿಪ್ ಕೋಡ್ ಹೇಳಿ, ಎರಡು ಮಾತು ಸಾಕು: 702ರ ಸಂಗ್ರಹದಲ್ಲಿ ಅಮೆರಿಕದಲ್ಲಿ ಇರುವವರ ಮಾತು ಹುಡುಕಲು ವಾರಂಟ್ ಕಡ್ಡಾಯವಾಗಲಿ, ಅದು ವೀಸಾದಲ್ಲಿರುವವರಿಗೂ ಅನ್ವಯಿಸಲಿ. ಪ್ರತಿನಿಧಿ 2024ರಲ್ಲೂ ಸದನದಲ್ಲಿದ್ದವರಾದರೆ, ಏಪ್ರಿಲ್ 12ರಂದು ಯಾವ ಕಡೆ ಮತ ಹಾಕಿದರು ಎಂದು ಕೇಳಿ. ಅದು ಸಾರ್ವಜನಿಕ ದಾಖಲೆ, ಮುಚ್ಚಿಡುವಂತಿಲ್ಲ. ಫೋನಿನಲ್ಲಿ ಹಾರಿಕೆಯ ಮಾತು ಬಂದರೆ ಲಿಖಿತ ಉತ್ತರ ಕೇಳಿ. ಅದೂ ಬಾರದಿದ್ದರೆ ಅವರು ಊರಿನಲ್ಲಿ ನಡೆಸುವ ಸಾರ್ವಜನಿಕ ಸಭೆಗೆ ಹತ್ತು ಮನೆಯವರು ಒಟ್ಟಿಗೆ ಹೋಗಿ, ಮೈಕಿನ ಮುಂದೆ ನಿಂತು ಇದೇ ಪ್ರಶ್ನೆ ಕೇಳಿ.