ಛಲವೊಂದೇ ಸಾಲದು

ರೋಹನ್ ಬೋಪಣ್ಣನವರ ಮಾತು ಬಂದಾಗಲೆಲ್ಲ ‘ಛಲಗಾರ’ ಎಂದು ಹೊಗಳುವುದು ನಮ್ಮಲ್ಲಿ ವಾಡಿಕೆ. ಆ ಹೊಗಳಿಕೆ ಅರ್ಧ ಸತ್ಯವೆಂದೇ ನನ್ನ ಅಭಿಪ್ರಾಯ.

ಕೊಡಗಿನ ಈ ಟೆನಿಸ್ ಆಟಗಾರರು 2021ರಲ್ಲಿ ತಿಂಗಳುಗಟ್ಟಲೆ ಗೆಲುವನ್ನೇ ಕಾಣದೆ ಆಟ ಬಿಡುವ ಯೋಚನೆ ಮಾಡಿದ್ದರು. ವಯಸ್ಸು 41; ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು. ಬರಿಯ ಛಲದಿಂದ ಓಡಿದ್ದರೆ ಕಾಲೇ ಕೈಕೊಡುತ್ತಿತ್ತು. ಅವರಾದರೋ ಅಯ್ಯಂಗಾರ್ ಯೋಗವನ್ನು ಅಭ್ಯಾಸ ಮಾಡಿ, ನೋವಿಲ್ಲದೆ ಆಡುವಂತಾದರು. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್‌ರೊಡನೆ ಆಸ್ಟ್ರೇಲಿಯನ್ ಓಪನ್ ಗೆದ್ದರು. ಪುರುಷರ ಡಬಲ್ಸ್‌ನಲ್ಲಿ ಅದೇ ಅವರ ಮೊದಲ ಗ್ರ್ಯಾಂಡ್ ಸ್ಲಾಮ್. ಡಬಲ್ಸ್‌ನಲ್ಲಿ ಜಗತ್ತಿನ ಮೊದಲ ಸ್ಥಾನವೂ ದೊರೆಯಿತು. ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಸ್ಥಾನಕ್ಕೇರಿದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. 2025ರಲ್ಲಿ ಅವರು ನಿವೃತ್ತರಾದರು.

ಪರೀಕ್ಷೆಯೊಂದರಲ್ಲಿ ಅನುತ್ತೀರ್ಣನಾದಾಗ ನಾನು ಅದೇ ಟಿಪ್ಪಣಿಯನ್ನು ಇಮ್ಮಡಿ ಹೊತ್ತು ಉರುಹಚ್ಚಿದೆ, ಮತ್ತೆ ಅನುತ್ತೀರ್ಣನಾದೆ. ‘ಇನ್ನೂ ಕಷ್ಟಪಡು’ ಎಂದವರು ಹಲವರು. ‘ಎಲ್ಲಿ ತಪ್ಪಿತು, ನೋಡು’ ಎಂದವರು ವಿರಳ.

ಮಿತ್ರರೇ, ಸೋತವನಿಗೆ ಛಲ ಬೇಕು, ನಿಜ. ಆದರೆ ಸೋತ ದಾರಿಯಲ್ಲೇ ಮತ್ತೆ ಓಡುವುದು ಛಲವಲ್ಲ, ಹಟ. ತನ್ನ ಕುಂದನ್ನು ಒಪ್ಪಿ ಹೊಸದಾಗಿ ಕಲಿಯುವ ವಿನಯವೇ ಛಲಕ್ಕೆ ಕಣ್ಣು.