ಮಾತಾಡುವವರಷ್ಟೇ ಸಮಾಜವಲ್ಲ

ಬಸದಿಯ ಸಮಿತಿ ಸಭೆ ಎಂದರೆ ಹಲವು ಊರುಗಳಲ್ಲಿ ಅದೇ ಐದಾರು ಮುಖಗಳು. ಕಲಶಕ್ಕೆ ಸವಾಲು ಕೂಗುವವರು, ಮೈಕ್ ಹಿಡಿಯುವವರು, ಮೆರವಣಿಗೆಯ ಮುಂದೆ ನಡೆಯುವವರು ಎಲ್ಲ ಅವರೇ. ಅವರ ಉತ್ಸಾಹದಿಂದಲೇ ಕಾರ್ಯಕ್ರಮಗಳು ನಡೆಯುತ್ತವೆ, ನಿಜ. ಆದರೆ ಬಾಯಿಬಿಡದೆ ಹಿಂದೆ ಕುಳಿತವರಿಗೆ, ಸಭೆಗೇ ಬಾರದ ಯುವಕ ಯುವತಿಯರಿಗೆ ಧರ್ಮಶ್ರದ್ಧೆ ಇಲ್ಲ ಎಂದು ತೀರ್ಮಾನಿಸುವುದು ತಪ್ಪು. ಹಲವರಲ್ಲಿ ಇರುವುದು ಅಶ್ರದ್ಧೆಯಲ್ಲ, ಅಂತರ್ಮುಖಿ ಸ್ವಭಾವ.

ಸ್ವಭಾವಭೇದಕ್ಕೆ ಜೈನ ಶಾಸ್ತ್ರದಲ್ಲಿ ಜಾಗವಿದೆ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ 9ನೇ ಅಧ್ಯಾಯದಲ್ಲಿ ಸ್ವಾಧ್ಯಾಯಕ್ಕೆ 5 ಬಗೆಗಳಿವೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಪ್ರಶ್ನೆ ಕೇಳುವುದು, ಉಪದೇಶ ಮಾಡುವುದು ಮಾತು ಬಲ್ಲವರಿಗೆ ಸುಲಭ. ತಿಳಿದದ್ದನ್ನು ಮನಸ್ಸಿನಲ್ಲೇ ಚಿಂತಿಸುವ ಅನುಪ್ರೇಕ್ಷೆ ಮೌನಿಗಳಿಗೆ ಒಗ್ಗುತ್ತದೆ. ಐದೂ ಸ್ವಾಧ್ಯಾಯವೇ. ಅದೇ ಅಧ್ಯಾಯದಲ್ಲಿ ಸೇವೆಯಾದ ವೈಯಾವೃತ್ತ್ಯವನ್ನು ಧ್ಯಾನದ ಜೊತೆಗೆ 6 ಅಂತರಂಗ ತಪಗಳಲ್ಲಿ ಸೇರಿಸಲಾಗಿದೆ. ಸೇವೆಯ ಬೆಲೆ ವೇದಿಕೆಯ ಮೇಲೆ ಕಾಣುವುದರಲ್ಲಿಲ್ಲ ಎಂಬುದು ಇದರಿಂದ ಸ್ಪಷ್ಟ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.40 ಲಕ್ಷ. ಹತ್ತು ಹದಿನೈದು ಮನೆಗಳಿರುವ ಊರಿನಲ್ಲಿ ಎರಡು ಮನೆಯವರು ದೂರವಾದರೆ ನಿತ್ಯಪೂಜೆಯ ಸರದಿಯೇ ತಪ್ಪುತ್ತದೆ. ಜೋರು ಮಾತಿನವರೇ ನಿರ್ಧರಿಸಿದ ಖರ್ಚಿಗೆ ಉಳಿದವರು ವಂತಿಗೆ ಕೊಟ್ಟಾರು, ಆದರೆ ಮನಸ್ಸು ಕೊಡಲಾರರು.

ಪರಿಹಾರ ಕಷ್ಟದ್ದಲ್ಲ. ಸಭೆಗೆ ಮೊದಲೇ ವಿಷಯಪಟ್ಟಿ ತಿಳಿಸಿ, ಅಭಿಪ್ರಾಯವನ್ನು ಚೀಟಿಯಲ್ಲೂ ತೆಗೆದುಕೊಳ್ಳಬಹುದು. ಲೆಕ್ಕ ಬರೆಯುವುದು, ಹಳೆಯ ಗ್ರಂಥಗಳ ಪಟ್ಟಿ ಮಾಡುವುದು, ತ್ಯಾಗಿಗಳ ಆಹಾರ ವ್ಯವಸ್ಥೆ, ಮನೆಯಲ್ಲಿರುವ ವೃದ್ಧರಿಗೆ ಔಷಧ ತಲುಪಿಸುವುದು, ಇಂಥ ಕೆಲಸಗಳನ್ನು ಒಬ್ಬೊಬ್ಬರ ಬಳಿ ಹೋಗಿ ಕೇಳಿ ಒಪ್ಪಿಸಬೇಕು. ಎಲ್ಲರ ಮುಂದೆ ಹೆಸರು ಕೂಗಿ ಅಲ್ಲ. ಮಾತಿನಲ್ಲಿ ಚುರುಕಾದವರು ಅತಿಥಿಗಳನ್ನೂ ಸರ್ಕಾರಿ ಕಚೇರಿಗಳನ್ನೂ ನೋಡಿಕೊಳ್ಳಲಿ.

ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2018ರಲ್ಲಿ ನಡೆಯಿತು. 12 ವರ್ಷದ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಅಷ್ಟು ದೊಡ್ಡ ಕಾರ್ಯಕ್ಕೆ ವೇದಿಕೆಯ ಮೇಲಿನವರಿಗಿಂತ ಅಡುಗೆಮನೆ, ಉಗ್ರಾಣ, ಲೆಕ್ಕದ ಮೇಜಿನ ಹಿಂದೆ ನಿಲ್ಲುವವರೇ ಹೆಚ್ಚು ಬೇಕು. ಅಂಥವರನ್ನು ಪ್ರತಿ ಊರಿನ ಬಸದಿಯೂ ಈಗಿನಿಂದಲೇ ಗುರುತಿಸಿ ಹತ್ತಿರ ಕರೆದುಕೊಳ್ಳಬೇಕು.