ಲುಕ್ಮಾನರ ಉಪದೇಶ ಮತ್ತು ಸಹೋದರಿಯ ಪಾಲು

ತಂದೆಯ ಉಪದೇಶವೆಂದಾಗ ಮೊದಲು ನೆನಪಾಗುವವರು ಹಝ್ರತ್ ಲುಕ್ಮಾನ್(ಅ). ಪವಿತ್ರ ಕುರ್‌ಆನಿನ 31ನೇ ಅಧ್ಯಾಯದಲ್ಲಿ ಅವರು ಮಗನಿಗೆ ಏಕದೇವತ್ವವನ್ನೂ ನಮಾಝನ್ನೂ ಬೋಧಿಸುತ್ತಾರೆ, ಗರ್ವದ ನಡಿಗೆಯ ವಿರುದ್ಧ ಎಚ್ಚರಿಸುತ್ತಾರೆ. ಸಾಸಿವೆ ಕಾಳಿನಷ್ಟು ಕರ್ಮವು ಬಂಡೆಯೊಳಗೆ ಅಡಗಿದ್ದರೂ ಅಲ್ಲಾಹನ ಲೆಕ್ಕದಿಂದ ತಪ್ಪದೆಂದೂ ತಿಳಿಸುತ್ತಾರೆ.

ಬೀದರ್, ಭಾಲ್ಕಿ, ಔರಾದ್‌ಗಳ ನಮ್ಮ ಮನೆಗಳಲ್ಲಿ ತಂದೆಯಂದಿರು ಮಕ್ಕಳಿಗೆ ನಮಾಝ್ ಕಲಿಸುತ್ತಾರೆ, ಸಲಾಮ್ ಕಲಿಸುತ್ತಾರೆ. ಆದರೆ ಆ ಸಾಸಿವೆ ಕಾಳಿನ ಲೆಕ್ಕ ಜಮೀನಿನ ಪಹಣಿಗೆ ತಲುಪುವುದು ವಿರಳ. ಅಜ್ಜ ತೀರಿಕೊಂಡ ಬಳಿಕ ಸಹೋದರಿಯರನ್ನು ನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲಾಗುತ್ತದೆ. ಇನ್ನು ಕೆಲವರು ಬದುಕಿರುವಾಗಲೇ ಎಲ್ಲವನ್ನೂ ಗಂಡುಮಕ್ಕಳ ಹೆಸರಿಗೆ ದಾನಪತ್ರ ಮಾಡಿಬಿಡುತ್ತಾರೆ. ಇದನ್ನೆಲ್ಲ ಮನೆಯ ಮಕ್ಕಳು ನೋಡುತ್ತಿರುತ್ತಾರೆ.

ನೋಡಿ ಕಲಿಯುವುದೆಂದರೇನೆಂದು ಬೀದರ್‌ನವರಿಗೆ ಹೇಳಬೇಕಾಗಿಲ್ಲ. 2023ರಲ್ಲಿ ಪದ್ಮಶ್ರೀ ಪಡೆದ ಬಿದ್ರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರು ಆ ಕಲೆಯನ್ನು ಕಲಿತದ್ದು ತಂದೆಯಿಂದ. ಸತು-ತಾಮ್ರದ ಎರಕದ ಮೇಲೆ ಉಳಿಯಿಂದ ಗೆರೆ ಕೊರೆದು ಬೆಳ್ಳಿಯ ತಂತಿ ಕೂರಿಸುವಾಗ ಕೈಗೆ ಎಷ್ಟು ಬಲ ಬೇಕು, ಕೋಟೆಯ ಮಣ್ಣು ಹೇಗಿರಬೇಕು ಎಂಬುದು ಉಪನ್ಯಾಸದಿಂದ ಬರುವ ವಿದ್ಯೆಯಲ್ಲ. ಮಗನ ಮದುವೆಗೆ ಜೋಡೆ ಕೀ ರಖಂ ಎಣಿಸಿಕೊಳ್ಳುವ ಕೈಯೂ ಒಂದು ವಿದ್ಯೆಯನ್ನು ಕಲಿಸುತ್ತದೆ.

ಪ್ರವಾದಿ(ಸ)ರ ಕಾಲದ ಒಂದು ಘಟನೆಯಿದೆ. ಬಶೀರ್(ರ) ತಮ್ಮ ಮಗ ನುಅಮಾನ್‌ಗೆ ಒಂದು ಉಡುಗೊರೆ ಕೊಟ್ಟರು. ಪ್ರವಾದಿ(ಸ)ರು ಸಾಕ್ಷಿಯಾಗದೆ ತಾನು ಒಪ್ಪುವುದಿಲ್ಲವೆಂದು ತಾಯಿ ಅಮ್ರಾ ಬಿಂತ್ ರವಾಹಾ(ರ) ಪಟ್ಟು ಹಿಡಿದರು. ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿರುವಿರಾ ಎಂದು ಪ್ರವಾದಿ(ಸ)ರು ವಿಚಾರಿಸಿದರು. ಇಲ್ಲವೆಂದಾಗ ಸಾಕ್ಷಿಯಾಗಲು ನಿರಾಕರಿಸಿದರು. ಬಶೀರ್(ರ) ಮನೆಗೆ ಮರಳಿ, ಕೊಟ್ಟದ್ದನ್ನು ಹಿಂಪಡೆದರು. ಇದನ್ನು ನಮಗೆ ತಲುಪಿಸಿದವರು ಯಾರು? ಉಡುಗೊರೆಯನ್ನು ಕಳೆದುಕೊಂಡ ಅದೇ ನುಅಮಾನ್(ರ). ಮುಂದೆ ಅವರು ಕೂಫಾದ ರಾಜ್ಯಪಾಲರಾದರು. ತಂದೆ ತನ್ನನ್ನು ತಿದ್ದಿಕೊಂಡ ಈ ಕಥೆಯನ್ನು ಮಿಂಬರ್‌ನ ಮೇಲೆ ನಿಂತು ಜನರಿಗೆ ಹೇಳಿದರು.

ನಮ್ಮಲ್ಲಿ ಸಿದ್ಧ ಸಮರ್ಥನೆಗಳಿವೆ. ಮದುವೆಗೆ ಖರ್ಚು ಮಾಡಿದ್ದೇ ಅವಳ ಪಾಲಂತೆ! ಬೀಗರಿಗೆ ಕೊಟ್ಟ ಹಣ, ಶಾದಿಮಹಲಿನ ಬಾಡಿಗೆ, ಬಿರಿಯಾನಿಯ ಖರ್ಚು ಮಗಳ ಉತ್ತರಾಧಿಕಾರವಾಗುವುದು ಯಾವ ಶರೀಅತ್‌ನಲ್ಲಿ? ಅನ್ನಿಸಾ ಅಧ್ಯಾಯವು ಹೆಣ್ಣಿನ ಪಾಲನ್ನು ನಿಗದಿಗೊಳಿಸಿದೆ, ಆಸ್ತಿ ಅಲ್ಪವಿರಲಿ ಅಧಿಕವಿರಲಿ. ಅವಳೇ ಬೇಡವೆಂದಳು ಎಂಬುದು ಎರಡನೆಯ ಸಮರ್ಥನೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುವುದೆಂದು ಆಕೆಗೆ ಗೊತ್ತು. ಗಂಡನ ಮನೆಯಲ್ಲಿ ಕಷ್ಟ ಬಂದರೆ ಹೋಗಲು ಇನ್ನೊಂದು ಮನೆಯಿಲ್ಲದವಳು ಅಣ್ಣನೆದುರು 'ಬೇಡ' ಎನ್ನದೆ ಇನ್ನೇನು ಹೇಳಿಯಾಳು? ಮೊದಲು ಪಾಲು ಆಕೆಯ ಹೆಸರಿಗಾಗಲಿ, ಸ್ವಾಧೀನ ಆಕೆಗೆ ಸಿಗಲಿ. ಬಳಿಕ ಮನಸ್ಸಿದ್ದರೆ ಅಣ್ಣನಿಗೆ ಕೊಡಲಿ.

1985ರ ಶಾಬಾನು ತೀರ್ಪಿನ ಬಳಿಕ ಶರೀಅತ್‌ನ ರಕ್ಷಣೆಗಾಗಿ ಸಮುದಾಯ ಬೀದಿಗಿಳಿಯಿತು. 2025ರ ಜನವರಿಯಲ್ಲಿ ಉತ್ತರಾಖಂಡದಲ್ಲಿ ಸಮಾನ ನಾಗರಿಕ ಸಂಹಿತೆ ಜಾರಿಯಾದಾಗಲೂ ಪ್ರತಿಭಟಿಸಿದೆವು. ಪ್ರತಿಭಟಿಸುವ ಹಕ್ಕು ನಮಗಿದೆ. ಆದರೆ ಯಾವ ಸರಕಾರವೂ ತಡೆಯದ ಸಹೋದರಿಯ ಪಾಲನ್ನು ತಡೆದಿರುವವರು ಯಾರು?

ಮಸೀದಿ ಕಮಿಟಿಗಳು ಜನಾಝಾದ ವ್ಯವಸ್ಥೆ ಮಾಡಿ ಕೈತೊಳೆದುಕೊಳ್ಳದೆ ಮೃತರ ಸಾಲ, ವಸಿಯ್ಯತ್ ಮತ್ತು ವಾರಸುದಾರರ ಪಾಲಿನ ಬಗ್ಗೆಯೂ ಮನೆಯವರನ್ನು ವಿಚಾರಿಸಲಿ. ಅಜ್ಜನ ಜಮೀನಿನಲ್ಲಿ ಫುಫುವಿನ ಪಾಲು ಇನ್ನೂ ತಂದೆಯ ಪಹಣಿಯಲ್ಲೇ ಇದ್ದರೆ, ಈ ಬಾರಿಯ ಸೋಯಾ ಕಟಾವಿಗೆ ಮುನ್ನ ಅದು ಆಕೆಯ ಹೆಸರಿಗಾಗಲಿ. ಆ ದಿನ ತಹಸೀಲು ಕಚೇರಿಗೆ ಹೋಗುವಾಗ ತಂದೆ ಮಕ್ಕಳನ್ನೂ ಜೊತೆಗೆ ಕರೆದೊಯ್ಯಲಿ.